ಹಲ್ಲಣದ ಹೊರೆ



ಕುದುರೆಯನ್ನೇರಬೇಕಾದ ಮನುಷ್ಯನೇ ಅದರ ಜೀನನ್ನು ಹೊತ್ತು ಬಳಲುವ ಚಿತ್ರವೊಂದು ಅಲ್ಲಮಪ್ರಭುಗಳ ವಚನದಲ್ಲಿದೆ. ಅವರು ಬಳಸಿದ 'ಹಲ್ಲಣ'ವೆಂಬ ಮಾತಿಗೆ ಜೀನು ಎಂದೇ ಅರ್ಥ. ಅರಿವಿಲ್ಲದವನಿಗೆ ಸಾಧನವೇ ಹೊರೆಯಾಗುತ್ತದೆ. ಅರಿವಿಲ್ಲದವನು ಹಾಕಿದ ಜೀನು ಮೂಕಪ್ರಾಣಿಗೂ ಹೊರೆಯೇ.

ಜಾಲಹಳ್ಳಿ, ದೇವದುರ್ಗ, ಮಾನ್ವಿಗಳಿರುವ ಈ ದೋಆಬ್ ಸೀಮೆಗೆ ಕುದುರೆ ಹೊಸದಲ್ಲ. 1520ರ ರಾಯಚೂರು ಯುದ್ಧಕ್ಕೆ ಕುದುರೆಯ ವ್ಯಾಪಾರವೇ ನೆಪವಾಯಿತೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಕೃಷ್ಣದೇವರಾಯನು ಕೊಟ್ಟ 40,000 ವರಹಗಳೊಡನೆ ಒಬ್ಬನು ಆದಿಲಶಾಹಿಯ ಆಶ್ರಯ ಸೇರಿದನಂತೆ. ಹಂಪಿಯ ಹಜಾರರಾಮ ದೇವಾಲಯದ ಪ್ರಾಕಾರದ ಮೇಲೆ ಸಾಲುಗಟ್ಟಿದ ಕುದುರೆಗಳನ್ನು ಇಂದಿಗೂ ಕಾಣಬಹುದು.

ಜೀನುಗಳಲ್ಲಿ ಹಲವು ಬಗೆ. ಅರಳೆ ತುಂಬಿ ಹೊಲಿದ ಮೆತ್ತನೆಯ ತಡಿ ಎಲ್ಲಕ್ಕಿಂತ ಸರಳವಾದುದು. ಮರದ ಚೌಕಟ್ಟಿನ ಮೇಲೆ ತೊಗಲು ಬಿಗಿದ ಜೀನು ಅದಕ್ಕಿಂತ ಗಟ್ಟಿ. ಆಂಗ್ಲ ಪದ್ಧತಿಯದು ಚಪ್ಪಟೆ ಮತ್ತು ಹಗುರ. ದಿನನಿತ್ಯದ ಸವಾರಿಗೆ ಅನುಕೂಲ. ಅಮೆರಿಕೆಯ ದನಗಾಹಿಗಳ ಜೀನಿನ ಮುಂದೆ ಹಗ್ಗ ಸುತ್ತಲು ಕೊಂಬಿರುತ್ತದೆ; ಅದರ ತೂಕ 15 ಕಿಲೋ ಮೀರುವುದೂ ಉಂಟು. ಪಂದ್ಯದ ಜೀನಾದರೋ ಒಂದು ಕಿಲೋಗಿಂತ ಕಡಿಮೆ ಇರಬಹುದು. ಸೈನ್ಯದ ಜೀನಿಗೆ ಸರಂಜಾಮು ಕಟ್ಟುವ ಬಳೆಗಳಿರುತ್ತವೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಡನೆ ಹೈಫಾ ನಗರವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಯೋಧರು ಕುಳಿತದ್ದು ಕುದುರೆಯ ಮೇಲೆಯೇ. ನಮ್ಮ ದೇಶದಲ್ಲಿ ಜೀನಿನ ಕಸುಬಿಗೆ ಕಾನಪುರ ಹೆಸರಾಗಿದೆ.

ಬಗೆ ಯಾವುದೇ ಆಗಲಿ, ನಿಯಮ ಒಂದೇ: ಭಾರವು ಬೆನ್ನುಮೂಳೆಯ ಮೇಲೆ ಬೀಳದೆ ಅದರ ಇಕ್ಕೆಲದ ಮಾಂಸಖಂಡಗಳ ಮೇಲೆ ಹರಡಬೇಕು. ಅಳತೆ ತಪ್ಪಿದರೆ ಚರ್ಮ ಸುಲಿದು ಹುಣ್ಣಾಗುತ್ತದೆ. ಮದುವೆಯ ಮೆರವಣಿಗೆಗೆ ಬಾಡಿಗೆಯ ಕುದುರೆ ತರಿಸುವ ಹಿರಿಯರು ಇದನ್ನು ಗಮನಿಸಬೇಕು. ಜರತಾರಿಯ ಹೊದಿಕೆಯನ್ನು ಒಮ್ಮೆ ಎತ್ತಿಸಿ ಬೆನ್ನನ್ನು ನೋಡಿರಿ. ಹುಣ್ಣಿದ್ದರೆ ಆ ಕುದುರೆಯನ್ನು ಮರಳಿ ಕಳುಹಿಸಿರಿ. ನೋವುಂಡ ಜೀವದ ಮೇಲೆ ವರನನ್ನು ಕೂರಿಸಿ ಮಂಗಲವನ್ನು ಬಯಸುವುದೆಂತು? ದಯೆಯೇ ಧರ್ಮದ ಮೂಲವೆಂದು ನಂಬಿದ ಮನೆಗಳಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಹಳೆಯ ವಾಡೆಗಳ ಅಟ್ಟದಲ್ಲಿ ಅಜ್ಜನ ಕಾಲದ ಜೀನು ಉಳಿದಿದ್ದರೆ ಅದನ್ನು ಗುಜರಿಗೆ ಹಾಕಬೇಡಿರಿ. ಒಣಬಟ್ಟೆಯಿಂದ ಧೂಳು ಒರೆಸಿ, ಬಿಸಿಲು ಮತ್ತು ತೇವ ತಾಗದೆಡೆಯಲ್ಲಿ ದುಂಡನೆಯ ಮರದ ದಿಮ್ಮಿಯ ಮೇಲಿರಿಸಿ, ಹತ್ತಿಯ ಬಟ್ಟೆ ಹೊದಿಸಿರಿ. ಪ್ಲಾಸ್ಟಿಕ್ ಸುತ್ತಿದರೆ ಬೂಸಲು ಹಿಡಿಯುತ್ತದೆ. ಎಣ್ಣೆ ಸುರಿದರೆ ಹಳೆಯ ತೊಗಲು ಕಪ್ಪಾಗಿ ಮೆತ್ತಗಾಗುತ್ತದೆ. ಮಖಮಲ್ಲು, ಜರಿಗಳನ್ನು ತೊಳೆಯಬಾರದು. ಮರದ ಚೌಕಟ್ಟು ಒಳಗೆ ಮುರಿದಿದ್ದರೂ ಹೊರಗೆ ಕಾಣದು. ಆದ್ದರಿಂದ ಹಳೆಯ ಜೀನನ್ನು ಪರೀಕ್ಷಿಸದೆ ಸವಾರಿಗೆ ತೆಗೆಯಬಾರದು. ನೂರು ವರ್ಷ ದಾಟಿದ ಇಂತಹ ವಸ್ತು 1972ರ ಕಾಯಿದೆಯಂತೆ ಪ್ರಾಚ್ಯವಸ್ತುವೆನಿಸಬಹುದು. ಅದನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. ಅಲ್ಪ ಬೆಲೆಗೆ ಕೇಳುವವರು ಬಂದಾಗ ಇದು ನೆನಪಿನಲ್ಲಿರಲಿ.

ಜೀನು ಯಾರದು, ಯಾವ ಊರಿನದು, ಹೇಗೆ ಬಂದಿತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ, ಒಂದು ಕಾಗದದಲ್ಲಿ ಬರೆದು ಜೊತೆಗಿಡಿರಿ. ಆ ನಾಲ್ಕು ಸಾಲುಗಳಿಲ್ಲದಿದ್ದರೆ ಮುಂದಿನ ಪೀಳಿಗೆಗೆ ಅದು ಬರಿಯ ಒಣ ತೊಗಲು, ಹೊರಲಾರದ ಹೊರೆ. ಅರಿತವರ ಕೈಯಲ್ಲಿ ಅದೇ ಮನೆತನದ ನೆನಪು.