ಟಿಪ್ಸ್ ಸಂಬಳವಲ್ಲ

ಜಾಲಹಳ್ಳಿ ಕ್ರಾಸ್ ಹತ್ತಿರದ ಒಂದು ಫ್ಯಾಮಿಲಿ ರೆಸ್ಟೋರೆಂಟ್. ಭಾನುವಾರ ರಾತ್ರಿ ಒಂಬತ್ತೂವರೆ. ಆರು ಜನರ ಕುಟುಂಬವೊಂದು ಊಟ ಮುಗಿಸಿದೆ. ಬಿಲ್ 1,840 ರೂಪಾಯಿ. ಮನೆಯ ಯಜಮಾನರು ಮೊಬೈಲ್ ತೆಗೆದು ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ, ಸರಿಯಾಗಿ 1,840 ರೂಪಾಯಿ ಪಾವತಿಸಿದರು. ‘ಊಟ ಚೆನ್ನಾಗಿತ್ತಮ್ಮ’ ಎಂದು ಮನಸಾರೆ ಹೇಳಿ, ಒಂದಿಷ್ಟು ಸೋಂಪು ಬಾಯಿಗೆ ಹಾಕಿಕೊಂಡು ಹೊರಟರು. ಬಡಿಸಿದ ಹುಡುಗಿ ನಗುತ್ತಾ ‘ಥ್ಯಾಂಕ್ಯೂ ಸರ್’ ಎಂದಳು.

ಆ ಹುಡುಗಿ ನಾನು. ಬಿ.ಕಾಂ. ಓದುತ್ತಲೇ ಐದು ತಿಂಗಳು ಅಲ್ಲಿ ಕೆಲಸ ಮಾಡಿದೆ. ಆ ಕುಟುಂಬದ ಮೇಲೆ ನನಗೆ ಕೋಪವಿಲ್ಲ. ಕೇಳಿದ ಹಣವನ್ನು ಅವರು ಪೂರ್ತಿ ಕೊಟ್ಟಿದ್ದಾರೆ. ನನ್ನ ಪ್ರಶ್ನೆ ಬೇರೆ. ನನ್ನ ತಿಂಗಳ ಆದಾಯದ ಒಂದು ಭಾಗ ಅವರ ಜೇಬಿನಿಂದ ಬರುತ್ತದೆ ಎಂದು ನನಗೆ ಮಾತು ಕೊಟ್ಟವರು ಯಾರು?

ಕೆಲಸಕ್ಕೆ ಸೇರುವ ದಿನ ಮ್ಯಾನೇಜರ್ ಹೇಳಿದ್ದು ಇಷ್ಟೇ: ‘ಸಂಬಳ ಸ್ವಲ್ಪ ಕಮ್ಮಿ ಅನ್ನಿಸಬಹುದು. ಆದರೆ ಟಿಪ್ಸ್ ಚೆನ್ನಾಗಿ ಬರುತ್ತೆ ಬಿಡಮ್ಮ.’ ಹೋಟೆಲ್ ಕೆಲಸಕ್ಕೆ ಹೋಗುವ ಬಹುತೇಕ ಎಲ್ಲರೂ ಈ ಮಾತು ಕೇಳಿರುತ್ತಾರೆ. ಕೊಡಬೇಕಾದ ಸಂಬಳದ ಒಂದು ಭಾಗವನ್ನು ಗುರುತು ಪರಿಚಯವಿಲ್ಲದ ಗ್ರಾಹಕನ ಹೆಸರಿಗೆ ಬರೆದು ಕೈತೊಳೆದುಕೊಳ್ಳುವ ಮಾತು ಅದು. ಗ್ರಾಹಕನಿಗೆ ಅದು ಗೊತ್ತೇ ಇರುವುದಿಲ್ಲ.

ಚಿಲ್ಲರೆ ಹೋಯಿತು, ಟಿಪ್ಸೂ ಹೋಯಿತು

ಮೊದಲೆಲ್ಲ ಬಿಲ್ 460 ಆದರೆ ಗ್ರಾಹಕರು 500ರ ನೋಟು ಇಡುತ್ತಿದ್ದರು. ಉಳಿದ 40 ರೂಪಾಯಿ ಫೋಲ್ಡರ್‌ನಲ್ಲಿ ವಾಪಸ್ ಹೋಗುತ್ತಿತ್ತು. ಅದರಲ್ಲಿ ಹತ್ತೋ ಇಪ್ಪತ್ತೋ ಅಲ್ಲೇ ಉಳಿಯುತ್ತಿತ್ತು. ಯಾರೂ ಲೆಕ್ಕ ಹಾಕಿ ಕೊಟ್ಟ ಹಣವಲ್ಲ ಅದು, ಚಿಲ್ಲರೆ ಎತ್ತಿಕೊಳ್ಳುವ ಮುಜುಗರದಿಂದ ಉಳಿದದ್ದು. 2016ರಲ್ಲಿ ಯುಪಿಐ ಬಂದ ಮೇಲೆ ನಿಧಾನವಾಗಿ ಆ ಚಿಲ್ಲರೆಯೇ ಇಲ್ಲವಾಯಿತು. ಈಗ 460 ಅಂದರೆ 460. ನಮ್ಮ ಜೊತೆ ಎಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದ ಅಕ್ಕ ಒಬ್ಬರು ‘ಮೊದಲು ಟಿಪ್ಸಲ್ಲೇ ಮನೆಗೆ ತರಕಾರಿ, ಹಾಲು ಆಗ್ತಿತ್ತು. ಈಗ ಡಬ್ಬಿ ಅಲ್ಲಾಡಿಸಿದ್ರೆ ಸದ್ದೂ ಬರಲ್ಲ’ ಎನ್ನುತ್ತಿದ್ದರು.

ಬಂದಷ್ಟು ಹಣವೂ ಬಡಿಸಿದವರ ಕೈಗೇ ಸೇರುವುದಿಲ್ಲ. ಕ್ಯಾಷ್ ಕೌಂಟರಿನ ಡಬ್ಬಿಗೆ ಹೋಗಿ, ಕ್ಯಾಪ್ಟನ್, ಸಪ್ಲೈಯರ್, ಕ್ಲೀನರ್, ಅಡುಗೆಮನೆಯವರು ಎಂದು ಹಂಚಿಕೆಯಾಗುತ್ತದೆ. ಹಂಚುವುದು ತಪ್ಪಲ್ಲ. ಹಿಂದೆ ನಿಂತು ತಟ್ಟೆ ತೊಳೆಯುವವರನ್ನು ಯಾವ ಗ್ರಾಹಕರೂ ನೋಡುವುದಿಲ್ಲ, ಅವರಿಗೂ ಪಾಲು ಬೇಕು. ಆದರೆ ಎಷ್ಟು ಬಂತು, ಯಾರಿಗೆ ಎಷ್ಟು ಹೋಯಿತು ಎಂಬ ಲೆಕ್ಕ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಗ್ಲಾಸ್ ಒಡೆದರೆ ಮಾತ್ರ ಅದರ ಬೆಲೆ ಆ ಡಬ್ಬಿಯಿಂದಲೇ ಕಡಿತವಾಗುತ್ತಿತ್ತು.

ಸರ್ವಿಸ್ ಚಾರ್ಜ್ ಜಗಳದಲ್ಲಿ ಕಾಣದವರು

ಕಳೆದ ಕೆಲವು ವರ್ಷಗಳಲ್ಲಿ ಸರ್ವಿಸ್ ಚಾರ್ಜ್ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಬಿಲ್‌ನಲ್ಲಿ ತಾನಾಗಿಯೇ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ರೆಸ್ಟೋರೆಂಟ್ ಸಂಘಟನೆಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಸಂಘಟನೆಗಳು ಮೇಲ್ಮನವಿ ಸಲ್ಲಿಸಿವೆ.

ಗ್ರಾಹಕರ ದೃಷ್ಟಿಯಿಂದ ಇದು ಸರಿಯಾದ ತೀರ್ಪು. ಬಲವಂತವಾಗಿ ಕೊಡುವುದು ಭಕ್ಷೀಸು ಆಗುವುದಿಲ್ಲ. ಆದರೆ ರೆಸ್ಟೋರೆಂಟ್‌ಗಳು ಮುಂದಿಟ್ಟ ವಾದವನ್ನು ಗಮನಿಸಿ: ಈ ಹಣ ಸಿಬ್ಬಂದಿಗೆ ಹೋಗುತ್ತದೆ, ಅವರ ಹೊಟ್ಟೆಪಾಡಿನ ಪ್ರಶ್ನೆ ಇದು ಎಂದು. ಸಿಬ್ಬಂದಿಯ ಹೊಟ್ಟೆಪಾಡು ಗ್ರಾಹಕ ಕೊಡುವ ಹೆಚ್ಚುವರಿ ಹಣದ ಮೇಲೆ ನಿಂತಿದ್ದರೆ, ಸಂಬಳ ಯಾವುದಕ್ಕೆ? ಗ್ರಾಹಕ ಮತ್ತು ಮಾಲೀಕರ ಈ ಜಗಳದಲ್ಲಿ ತಟ್ಟೆ ಹೊರುವವಳನ್ನು ಯಾರೂ ಏನೂ ಕೇಳಲಿಲ್ಲ.

ಟಿಪ್ಸ್ ಯಾರದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಐಟಿಸಿ ಕಂಪನಿಯ ಹೋಟೆಲ್‌ಗಳಿಗೆ ಸಂಬಂಧಿಸಿದ ತೆರಿಗೆ ಪ್ರಕರಣದಲ್ಲಿ 2016ರ ಏಪ್ರಿಲ್‌ನಲ್ಲಿ ಬಂದ ತೀರ್ಪು, ಗ್ರಾಹಕರು ಕಾರ್ಡ್ ಮೂಲಕ ಕೊಟ್ಟು ಹೋಟೆಲ್ ಸಿಬ್ಬಂದಿಗೆ ಹಂಚುವ ಟಿಪ್ಸ್ ‘ಸಂಬಳ’ ಅಲ್ಲ ಎಂದಿತು. ಅದು ಮಾಲೀಕರ ಹಣವೂ ಅಲ್ಲ, ನೌಕರರಿಗೆ ತಲುಪಿಸುವ ನಂಬಿಕೆಯ ಮೇಲೆ ಅವರ ಬಳಿ ಇರುವ ಹಣ ಅಷ್ಟೇ. ಈ ತೀರ್ಪಿನಿಂದ ನಾವು ಎರಡು ಪಾಠ ಕಲಿಯಬಹುದು. ಡಬ್ಬಿಯಲ್ಲಿರುವುದು ನಮ್ಮ ಹಣ ಎಂದು ನಾವು ಧೈರ್ಯವಾಗಿ ಲೆಕ್ಕ ಕೇಳಬಹುದು. ಹಾಗೆಯೇ ಅದನ್ನು ಸಂಬಳದ ಜೊತೆ ಕೂಡಿಸಿ ‘ಇಷ್ಟು ಸಿಗುತ್ತೆ’ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬಾರದು.

ಯಾಕೆಂದರೆ ಸಂಬಳ ಮಾಡುವ ಕೆಲಸವನ್ನು ಟಿಪ್ಸ್ ಮಾಡುವುದಿಲ್ಲ. ಪಿಎಫ್‌ಗೆ ಶೇ 12ರಷ್ಟು ಕಟ್ಟುವುದು ಸಂಬಳದ ಮೇಲೆ. ಇಎಸ್‌ಐ ಕೊಡುವ ಕಾಯಿಲೆ ಭತ್ಯೆ, 26 ವಾರಗಳ ಹೆರಿಗೆ ಭತ್ಯೆ ಲೆಕ್ಕವಾಗುವುದೂ ಸಂಬಳದ ಮೇಲೆ. ಬ್ಯಾಂಕಿನಲ್ಲಿ ಸಾಲ ಕೇಳಿದರೆ ನೋಡುವುದು ಸಂಬಳದ ಚೀಟಿಯನ್ನು. ನಾಲ್ಕು ದಿನ ಜ್ವರ ಬಂದು ಮಲಗಿದರೆ ಟಿಪ್ಸ್ ಸೊನ್ನೆ. ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಯ ಆದೇಶ ಹೊರಡಿಸಿತು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿತು. ರಜೆ ಸಿಕ್ಕರೂ ಆ ದಿನದ ಸಂಬಳವಷ್ಟೇ ಸಿಗುತ್ತದೆ, ಟಿಪ್ಸ್ ಸಿಗುವುದಿಲ್ಲ. ಆದಾಯದಲ್ಲಿ ಟಿಪ್ಸ್ ಪಾಲು ಹೆಚ್ಚಿದಷ್ಟೂ ನಮ್ಮ ಹಕ್ಕಿನ ಬೆಲೆ ಕಡಿಮೆಯಾಗುತ್ತಾ ಹೋಗುತ್ತದೆ.

ಒಂಬತ್ತು ಗಂಟೆಯ ಕೆಲಸ, ಹನ್ನೆರಡು ಗಂಟೆಯ ದಿನ

ಹೋಟೆಲ್‌ನಲ್ಲಿ ‘ಬ್ರೇಕ್ ಶಿಫ್ಟ್’ ಎಂಬ ಪದ್ಧತಿ ಇದೆ. ಬೆಳಿಗ್ಗೆ 11ರಿಂದ ಮಧ್ಯಾಹ್ನ 3.30, ಮತ್ತೆ ಸಂಜೆ 6.30ರಿಂದ ರಾತ್ರಿ 11. ಲೆಕ್ಕಕ್ಕೆ ಒಂಬತ್ತು ಗಂಟೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುವುದೂ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ, ಹೆಚ್ಚು ದುಡಿದರೆ ಎರಡು ಪಟ್ಟು ಕೂಲಿ. ಆದರೆ ನಡುವಿನ ಮೂರು ಗಂಟೆಯಲ್ಲಿ ಮಾದನಾಯಕನಹಳ್ಳಿಯಲ್ಲೋ ನೆಲಮಂಗಲದಲ್ಲೋ ಇರುವ ಮನೆಗೆ ಹೋಗಿ ಬರಲಾಗುವುದಿಲ್ಲ. ಹಾಗಾಗಿ ಸ್ಟೋರ್ ರೂಮಿನ ಅಕ್ಕಿ ಮೂಟೆಯ ಪಕ್ಕ ಕಾಲು ಚಾಚುತ್ತೇವೆ. ಸಂಬಳ ಒಂಬತ್ತು ಗಂಟೆಗೆ, ಕಳೆಯುವುದು ಹನ್ನೆರಡು ಗಂಟೆ.

ಆ ಒಂಬತ್ತು ಗಂಟೆಯೂ ನಿಂತೇ ಇರಬೇಕು. ಟೇಬಲ್ ಖಾಲಿ ಇದ್ದರೂ ಕೂರುವಂತಿಲ್ಲ. ‘ಗ್ರಾಹಕರು ನೋಡಿದರೆ ಏನಂದುಕೊಳ್ಳುತ್ತಾರೆ?’ ಎಂಬುದು ಎಲ್ಲ ಕಡೆ ಇರುವ ಉತ್ತರ. ಕೇರಳದಲ್ಲಿ ಕೋಯಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಕಾನೂನಾಗಿ ಪಡೆದರು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ನಿಂತು ಕೆಲಸ ಮಾಡುವವರಿಗೆ ಕೂರುವ ವ್ಯವಸ್ಥೆ ಇರಬೇಕೆಂಬ ಮಾತಿದೆ. ನಮಗೆ ಬೇಕಾಗಿರುವುದು ಒಂದು ಸ್ಟೂಲ್ ಅಷ್ಟೇ.

ಟಿಪ್ಸ್‌ಗೆ ಇನ್ನೊಂದು ಮುಖವಿದೆ. ಅದನ್ನು ಹೆಣ್ಣುಮಕ್ಕಳು ಮಾತ್ರ ನೋಡುತ್ತಾರೆ. ಬಿಲ್ ಕೊಡುವಾಗ ಬೇಕೆಂದೇ ಕೈ ಮುಟ್ಟುವವರು, ‘ನಿನ್ನ ನಂಬರ್ ಕೊಟ್ಟರೆ ನೂರು ರೂಪಾಯಿ’ ಎಂದು ನಗುವವರು. ನಿಗದಿತ ಸಂಬಳವಷ್ಟೇ ಇದ್ದರೆ ಮುಖಕ್ಕೆ ಹೊಡೆದಂತೆ ಉತ್ತರಿಸಬಹುದು. ಆ ನೂರು ರೂಪಾಯಿಯ ಮೇಲೆ ಬಸ್ ಖರ್ಚೋ ಮಗುವಿನ ಔಷಧಿಯೋ ನಿಂತಿದ್ದರೆ ನಗು ಬಲವಂತವಾಗಿ ಬರುತ್ತದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಅಲ್ಲಿಗೆ ಬಂದು ಹೋಗುವವರಿಂದಲೂ ನೌಕರಳನ್ನು ರಕ್ಷಿಸುವುದು ಮಾಲೀಕರ ಕರ್ತವ್ಯ. ಗ್ರಾಹಕ ದೇವರು ಎಂಬ ಬೋರ್ಡ್ ಆ ಕಾಯ್ದೆಗಿಂತ ದೊಡ್ಡದಲ್ಲ.

ಇದೇ ಕ್ರಾಸಿನ ಇನ್ನೊಂದು ಕಥೆ

ಜಾಲಹಳ್ಳಿಗೆ ಹೆಣ್ಣುಮಕ್ಕಳ ದುಡಿಮೆ ಹೊಸದಲ್ಲ. 1960ರ ದಶಕದಿಂದ ಎಚ್‌ಎಂಟಿ ಕೈಗಡಿಯಾರದ ಸಣ್ಣ ಸಣ್ಣ ಬಿಡಿಭಾಗಗಳನ್ನು ಜೋಡಿಸಿದ ಕೈಗಳಲ್ಲಿ ಬಹಳಷ್ಟು ಹೆಣ್ಣುಮಕ್ಕಳವು. ಆ ಉದ್ಯೋಗದಲ್ಲಿ ಪಿಎಫ್ ಇತ್ತು, ಕ್ಯಾಂಟೀನ್ ಇತ್ತು, ಯೂನಿಯನ್ ಇತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಒಪ್ಪಿಗೆ ಕೊಟ್ಟಿತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ ಬಂದ್ ಆಯಿತು. ಇತ್ತ ಪೀಣ್ಯ, ಜಾಲಹಳ್ಳಿ ಕ್ರಾಸ್ ಕಡೆ ತುಮಕೂರು ರಸ್ತೆಯೂ ನಿಂತುಹೋಯಿತು. ಬಸ್‌ಗಳಿಗೆ ಬೆಂಕಿ ಬಿದ್ದದ್ದನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ದೊಡ್ಡ ಸಂಘಟನೆಗಳು ಕರೆ ಕೊಡದೆಯೂ ನಡೆದ ಆ ಪ್ರತಿಭಟನೆಗೆ ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ವಾಪಸ್ ಪಡೆಯಿತು.

ಅವರಿಗೆ ಹೋರಾಡಲು ಒಂದು ಪಿಎಫ್ ಖಾತೆ ಇತ್ತು, ಒಂದೇ ಛಾವಣಿಯ ಕೆಳಗೆ ನೂರಾರು ಜೊತೆಗಾತಿಯರಿದ್ದರು. ನಾವು ಒಂದು ರೆಸ್ಟೋರೆಂಟಿನಲ್ಲಿ ಮೂವರು, ಪಕ್ಕದ ಕೆಫೆಯಲ್ಲಿ ಇಬ್ಬರು. ಒಬ್ಬಳು ಹಾಸನದವಳು, ಇನ್ನೊಬ್ಬಳು ಅಸ್ಸಾಮಿನವಳು. ಆರು ತಿಂಗಳಲ್ಲಿ ಅರ್ಧ ಜನ ಕೆಲಸ ಬಿಟ್ಟಿರುತ್ತಾರೆ. ಟಿಪ್ಸ್ ಕಡಿಮೆಯಾದರೆ ಯಾರ ವಿರುದ್ಧ ಧಿಕ್ಕಾರ ಕೂಗುವುದು? ಸಂಬಳ ಕಡಿಮೆಯಾದರೆ ಅದು ಅನ್ಯಾಯ ಅನ್ನಿಸುತ್ತದೆ. ಟಿಪ್ಸ್ ಕಡಿಮೆಯಾದರೆ ಅದು ನಮ್ಮ ಅದೃಷ್ಟ ಅನ್ನಿಸುತ್ತದೆ.

ಬೆಲೆಯಲ್ಲೇ ಇರಲಿ ಸಂಬಳ

ಮಾಲೀಕರ ಕಷ್ಟ ಸುಳ್ಳಲ್ಲ. ಬಾಡಿಗೆ, ಗ್ಯಾಸ್, ಆ್ಯಪ್‌ಗಳ ಕಮಿಷನ್ ಎಲ್ಲ ಏರಿವೆ. ಆದರೆ 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚಾದಾಗ ಹೋಟೆಲ್‌ಗಳು ಕಾಫಿ ಬೆಲೆ ಏರಿಸುವ ಮಾತಾಡಿದವು. ಹಾಲಿನ ಹಣವನ್ನು ಗ್ರಾಹಕರು ಇಷ್ಟಪಟ್ಟರೆ ಡಬ್ಬಿಗೆ ಹಾಕಲಿ ಎಂದು ಯಾವ ಹೋಟೆಲೂ ಹೇಳಲಿಲ್ಲ. ಹಾಲಿಗೆ, ಎಣ್ಣೆಗೆ, ಸಿಲಿಂಡರಿಗೆ ಮೆನುವಿನ ಬೆಲೆಯಲ್ಲಿ ಜಾಗವಿದ್ದರೆ ಬಡಿಸುವವರ ಸಂಬಳಕ್ಕೂ ಅಲ್ಲೇ ಜಾಗವಿರಬೇಕು. ಹತ್ತು ರೂಪಾಯಿ ಹೆಚ್ಚು ಬರೆದಿರುವ ಮೆನು, ಕೊನೆಯಲ್ಲಿ ಸೇರಿಕೊಳ್ಳುವ ಸರ್ವಿಸ್ ಚಾರ್ಜ್‌ಗಿಂತ ಪ್ರಾಮಾಣಿಕ.

ಟಿಪ್ಸನ್ನೇ ಸಂಬಳವಾಗಿ ಒಪ್ಪಿಕೊಂಡರೆ ಏನಾಗುತ್ತದೆ ಎಂದು ನೋಡಲು ಅಮೆರಿಕವಿದೆ. ಟಿಪ್ಸ್ ಪಡೆಯುವ ನೌಕರರಿಗೆ ಅಲ್ಲಿನ ಒಕ್ಕೂಟ ಸರ್ಕಾರದ ಕಾನೂನು ಮಾಲೀಕರಿಂದ ಕೊಡಿಸುವ ಕನಿಷ್ಠ ನಗದು ವೇತನ ಗಂಟೆಗೆ 2.13 ಡಾಲರ್. 1991ರಿಂದ ಅದು ಏರಿಲ್ಲ. ಬ್ರಿಟನ್ ಬೇರೆ ದಾರಿ ಹಿಡಿಯಿತು. 2024ರ ಅಕ್ಟೋಬರ್ 1ರಿಂದ ಅಲ್ಲಿ ಟಿಪ್ಸ್ ಪೂರ್ತಿಯಾಗಿ ನೌಕರರಿಗೇ ಹೋಗಬೇಕು, ನ್ಯಾಯವಾಗಿ ಹಂಚಬೇಕು, ದಾಖಲೆ ಇಡಬೇಕು. ಬ್ರಿಟನ್ನಿನಂಥ ಒಂದು ನಿಯಮ ನಮ್ಮ ರಾಜ್ಯಕ್ಕೂ ಬೇಕು.

ಅಲ್ಲಿಯವರೆಗೆ, ಪರೀಕ್ಷೆ ಮುಗಿಸಿ ಹೋಟೆಲ್ ಕೆಲಸಕ್ಕೆ ಹೊರಟಿರುವ ಗೆಳತಿಯರಿಗೆ ನನ್ನ ಒಂದು ಮಾತು. ಸಂದರ್ಶನದಲ್ಲಿ ಟಿಪ್ಸ್ ಎಷ್ಟು ಬರುತ್ತದೆ ಎಂದು ಕೇಳಬೇಡಿ. ಟಿಪ್ಸ್ ಇಲ್ಲದೆ ಎಷ್ಟು ಎಂದು ಕೇಳಿ. ಅದು ಹೋಟೆಲ್ ಉದ್ಯಮಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆಯೇ ಎಂದು ಕಾರ್ಮಿಕ ಇಲಾಖೆಯ ಅಧಿಸೂಚನೆ ನೋಡಿ. ನೇಮಕಾತಿ ಪತ್ರ ಕೇಳಿ, ಹೊಸ ಸಂಹಿತೆಯಲ್ಲಿ ಅದು ಕಡ್ಡಾಯ. ಪಿಎಫ್, ಇಎಸ್‌ಐ ಇದೆಯೇ, ರಾತ್ರಿ ಮನೆಗೆ ಬಿಡುವ ವ್ಯವಸ್ಥೆ ಇದೆಯೇ, ಟಿಪ್ಸ್ ಡಬ್ಬಿಯ ಲೆಕ್ಕ ಗೋಡೆಯ ಮೇಲೆ ಬರೆಯುತ್ತಾರೆಯೇ ಎಂದು ಕೇಳಿ. ‘ಇಷ್ಟೆಲ್ಲ ಕೇಳಿದರೆ ಕೆಲಸ ಸಿಗಲ್ಲ’ ಎನ್ನುವವರಿದ್ದಾರೆ. ನಾನು ಕೇಳಿರಲಿಲ್ಲ, ಕೆಲಸ ಸಿಕ್ಕಿತ್ತು. ಐದು ತಿಂಗಳ ನಂತರ ಬಿಟ್ಟಾಗ ನನ್ನ ಕೈಯಲ್ಲಿ ಒಂದು ಅನುಭವ ಪತ್ರವೂ ಇರಲಿಲ್ಲ, ಪಿಎಫ್ ಖಾತೆಯೂ ಇರಲಿಲ್ಲ.

ಇನ್ನು ಊಟಕ್ಕೆ ಹೋಗುವ ನಾವೆಲ್ಲರೂ ಟಿಪ್ಸ್ ಕೊಡುವುದನ್ನು ನಿಲ್ಲಿಸಬೇಕಿಲ್ಲ. ಕೊಡುವುದಾದರೆ ಬಡಿಸಿದವರ ಕೈಗೇ ಕೊಡಿ. ಜೊತೆಗೆ ಬಿಲ್ ಕೌಂಟರಿನಲ್ಲಿ ಒಂದು ಪ್ರಶ್ನೆ ಕೇಳಿ: ‘ಟಿಪ್ಸ್ ಹಣ ಇವರಿಗೆ ಪೂರ್ತಿ ಸಿಗುತ್ತಾ?’ ಹತ್ತು ಗ್ರಾಹಕರು ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧ ಇಟ್ಟುಕೊಳ್ಳಲೇಬೇಕಾಗುತ್ತದೆ. ಆ ಅಕ್ಕ ಈಗಲೂ ಜಾಲಹಳ್ಳಿ ಕ್ರಾಸಿನಲ್ಲೇ ಕೆಲಸ ಮಾಡುತ್ತಿದ್ದಾರೆ. ಮುಂದಿನ ಭಾನುವಾರ ನಿಮಗೆ ಊಟ ಬಡಿಸುವವರು ಅವರೇ ಇರಬಹುದು.