ಗೃಹೋಪಯೋಗಿ: ಮೀನಿನ ತೊಟ್ಟಿ ಸೋರಿದರೆ

ಶಿಕಾರಿಪುರ, ಸೊರಬ ತಾಲ್ಲೂಕುಗಳು ಕೆರೆಗಳ ಸೀಮೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ೫ನೆಯ ಶತಮಾನದ ಸ್ತಂಭಶಾಸನವು ಕದಂಬ ದೊರೆ ಕಾಕುಸ್ಥವರ್ಮನು ಅಲ್ಲಿ ಕೆರೆಯೊಂದನ್ನು ಕಟ್ಟಿಸಿದುದನ್ನು ಹೇಳುತ್ತದೆ. ನೀರನ್ನು ಹಿಡಿದಿಡುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಏರಿಯ ಮೇಲೆ ಓಡಾಡಿ ಬಲ್ಲ ರೈತರಿಗೆ ನೀರು ಜಿನುಗುವ ಜಾಗವೂ ಗೊತ್ತು. ಅದು ಹೆಚ್ಚಾಗಿ ತೂಬಿನ ಬಳಿ, ಕಲ್ಲು ಮತ್ತು ಮಣ್ಣು ಕೂಡುವಲ್ಲಿ. ನಮ್ಮ ಮನೆಗಳ ಪಡಸಾಲೆಗೆ ಬಂದು ಕುಳಿತಿರುವ ಪುಟ್ಟ ಕೆರೆಯಾದ ಅಕ್ವೇರಿಯಂ ಕೂಡ ಈ ನಿಯಮಕ್ಕೆ ಹೊರತಲ್ಲ. ಅದು ಸೋರುವುದೂ ಸಾಮಾನ್ಯವಾಗಿ ಹಲಗೆಯಲ್ಲಲ್ಲ, ಎರಡು ಹಲಗೆಗಳು ಕೂಡುವ ಸಂದಿನಲ್ಲಿ.

ಮಕ್ಕಳ ಸಂತೋಷಕ್ಕಾಗಿ ತಂದ ತೊಟ್ಟಿಯಲ್ಲಿ ಒಂದು ಮುಂಜಾನೆ ನೀರು ಇಳಿದಿರುವುದನ್ನು ಕಂಡಾಗ ಗಾಬರಿಯಾಗುವುದು ಸಹಜ. ಅಂಥ ಸಮಯದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು, ವಿಶೇಷವಾಗಿ ಅಕ್ರಿಲಿಕ್ ತೊಟ್ಟಿಗಳನ್ನು ಕುರಿತು, ಈ ತಿಂಗಳು ವಿಚಾರ ಮಾಡೋಣ.

ಸಂದಿನ ಮೇಲೆ ಬೀಳುವ ಭಾರ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯನ್ನು ತೆಗೆದುಕೊಳ್ಳಿ. ಸುಮಾರು ೬೦, ೩೦, ೩೦ ಸೆಂಟಿಮೀಟರುಗಳ ಈ ತೊಟ್ಟಿಯಲ್ಲಿ ೫೪ ಲೀಟರ್, ಎಂದರೆ ೫೪ ಕಿಲೋ ನೀರು ಹಿಡಿಯುತ್ತದೆ. ಮುಂದಿನ ಹಲಗೆಯೊಂದನ್ನೇ ನೀರು ಸುಮಾರು ೨೭ ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಉದ್ದ ಅಷ್ಟೇ ಇದ್ದು ನೀರಿನ ಎತ್ತರ ೪೫ ಸೆಂಟಿಮೀಟರಾದರೆ ಈ ಬಲ ೬೦ ಕಿಲೋ ದಾಟುತ್ತದೆ. ಎತ್ತರ ಒಂದೂವರೆ ಪಟ್ಟಾದರೆ ತಳ್ಳುವ ಬಲ ಎರಡೂಕಾಲು ಪಟ್ಟಾಗುತ್ತದೆ ಎಂಬುದನ್ನು ನೆನಪಿಡಬೇಕು. ಆದ್ದರಿಂದಲೇ ಎತ್ತರದ ತೊಟ್ಟಿಗಳ ಕೆಳಸಂದುಗಳು ಮೊದಲು ಬಿಡುತ್ತವೆ.

ಪೀಠ ಸಮತಟ್ಟಾಗಿಲ್ಲದಿದ್ದರೆ ಒಂದು ಮೂಲೆಯ ಮೇಲೆ ಭಾರ ಬಿದ್ದು ಸಂದು ಸೀಳುತ್ತದೆ. ಅಕ್ರಿಲಿಕ್ ಗಾಜಿಗಿಂತ ಹೆಚ್ಚು ಬಾಗುವ ವಸ್ತುವಾದ್ದರಿಂದ ಅದರ ತಳಕ್ಕೆ ಪೂರ್ತಿ ಆಸರೆ ಬೇಕು. ನಾಲ್ಕು ಮೂಲೆಯ ಆಸರೆ ಸಾಲದು. ಮೇಲಂಚಿಗೆ ಕೂಡಿಸಿರುವ ಅಡ್ಡಪಟ್ಟಿಯನ್ನು ಕೈಗೆ ಅಡ್ಡವೆಂದು ಕತ್ತರಿಸಿದರೆ ಹಲಗೆಗಳು ಹೊರಕ್ಕೆ ಉಬ್ಬುತ್ತವೆ. ಗಾಜು ಒರೆಸುವ ದ್ರವಗಳಲ್ಲಿರುವ ಅಮೋನಿಯಾ ಮತ್ತು ಸ್ಪಿರಿಟ್ ಅಕ್ರಿಲಿಕ್ಕಿಗೆ ಶತ್ರುಗಳು. ಅವುಗಳಿಂದ ಮೈಮೇಲೆ ಜೇಡರ ಬಲೆಯಂತಹ ನವಿರಾದ ಬಿರುಕುಗಳು ಮೂಡುತ್ತವೆ.

ಸೋರಿಕೆಯೋ, ಬೆವರೋ?

ಮಳೆಗಾಲದಲ್ಲಿ ಈ ಸೀಮೆಯ ಗಾಳಿ ತೇವದಿಂದ ತುಂಬಿರುತ್ತದೆ. ತೊಟ್ಟಿಯ ನೀರು ಗಾಳಿಗಿಂತ ತಣ್ಣಗಿದ್ದರೆ ಹೊರಮೈಯಲ್ಲಿ ಹನಿಗಟ್ಟುತ್ತದೆ. ಇದು ಸೋರಿಕೆಯಲ್ಲ. ಪಂಪಿನ ಕೊಳವೆಯಿಂದ ಸಿಡಿದ ನೀರು ಅಂಚಿನ ಮೇಲಿಂದ ಇಳಿದು ಕೆಳಗೆ ಮಡುಗಟ್ಟುವುದೂ ಉಂಟು. ಆದ್ದರಿಂದ ರಿಪೇರಿಗೆ ಮುನ್ನ ಪರೀಕ್ಷೆ ಅಗತ್ಯ.

ಹೊರಮೈಯನ್ನು ಚೆನ್ನಾಗಿ ಒರೆಸಿ, ಸಂದುಗಳ ಉದ್ದಕ್ಕೂ ಸೀಮೆಸುಣ್ಣವನ್ನು ಸವರಿ, ಕೆಳಗೆ ಒಣ ಕಾಗದವನ್ನು ಹಾಸಿರಿ. ನಿಜವಾದ ಸೋರಿಕೆಯಿದ್ದರೆ ಸೀಮೆಸುಣ್ಣ ಒಂದೇ ಕಡೆ ಒದ್ದೆಯಾಗುತ್ತದೆ. ಬೆವರಾದರೆ ಹಲಗೆಯೆಲ್ಲ ಒಂದೇ ಸಮನೆ ಮಸುಕಾಗುತ್ತದೆ. ಬೋರ್‌ವೆಲ್ ನೀರು ತುಂಬುವವರಿಗೆ ಇನ್ನೊಂದು ಕುರುಹು ಸಿಗುತ್ತದೆ. ನೀರು ಗಡಸಾಗಿದ್ದರೆ ಬಹುದಿನದಿಂದ ಒಸರುವ ಜಾಗದಲ್ಲಿ ಬಿಳಿಯ ಸುಣ್ಣದ ಗೆರೆ ಕಟ್ಟಿರುತ್ತದೆ. ನೀರು ತಾನಾಗಿ ಇಳಿದು ಒಂದು ಮಟ್ಟದಲ್ಲಿ ನಿಂತರೆ, ದೋಷವಿರುವುದು ಆ ಮಟ್ಟದಲ್ಲೇ ಎಂದು ತಿಳಿಯಬಹುದು.

ಮೊದಲು ಜೀವ, ಆಮೇಲೆ ತೊಟ್ಟಿ

ನೀರಿಗೆ ಕೈಯಿಡುವ ಮೊದಲು ಪಂಪು, ದೀಪ, ಹೀಟರುಗಳ ವಿದ್ಯುತ್ತನ್ನು ತಪ್ಪದೆ ಕಳಚಬೇಕು. ಸೋರಿದ ನೀರು ನೆಲದ ಮೇಲಿನ ಪ್ಲಗ್ ಬೋರ್ಡನ್ನು ಮುಟ್ಟಿದ್ದರೆ ಗೋಡೆಯ ಮೇನ್ ಸ್ವಿಚ್ಚನ್ನೇ ಆರಿಸುವುದು ಕ್ಷೇಮ. ಮಕ್ಕಳನ್ನು ದೂರ ಇರಿಸಿರಿ.

ಮೀನುಗಳನ್ನು ಸೋಪು ಮುಟ್ಟದ ಬಕೆಟ್ಟಿಗೆ, ಅದೇ ತೊಟ್ಟಿಯ ನೀರಿನೊಡನೆ ಸಾಗಿಸಬೇಕು. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಅವುಗಳ ಕಿವಿರುಗಳನ್ನು ಸುಡುತ್ತದೆ. ಹೊಸ ನೀರು ಬೇಕಾದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಿರಿ. ಫಿಲ್ಟರಿನ ಸ್ಪಂಜನ್ನು ತೊಳೆದು ಬಿಸಿಲಿಗೆ ಹಾಕಬಾರದು. ಮೀನಿನ ಮಲಿನದಿಂದ ಹುಟ್ಟುವ ಅಮೋನಿಯಾವನ್ನು ಕಡಮೆ ಅಪಾಯಕರ ವಸ್ತುವನ್ನಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಅದರಲ್ಲಿ ನೆಲೆಸಿರುತ್ತವೆ. ಹಳೆಯ ನೀರಿನಲ್ಲೇ ಅದನ್ನು ಮುಳುಗಿಸಿ, ಸಾಧ್ಯವಾದರೆ ಗಾಳಿಯ ಪಂಪನ್ನು ಹಚ್ಚಿಡಿರಿ.

ಸಜಾತಿಗೆ ಸಜಾತಿಯೇ ಬೆಸುಗೆ

ಗಾಜಿನ ತೊಟ್ಟಿ ಮತ್ತು ಅಕ್ರಿಲಿಕ್ ತೊಟ್ಟಿಗಳ ರಿಪೇರಿ ಒಂದೇ ಅಲ್ಲ. ಬಹುಮಂದಿ ಎಡವುವುದು ಇಲ್ಲಿಯೇ. ಗಾಜನ್ನು ಹಿಡಿದಿಡುವುದು ಸಿಲಿಕೋನ್ ಎಂಬ ರಬ್ಬರಿನಂಥ ಅಂಟು. ಅದು ಗಾಜನ್ನು ಬಿಗಿಯಾಗಿ ಕಚ್ಚುತ್ತದೆ. ಆದರೆ ಅಕ್ರಿಲಿಕ್ಕಿನ ಮೇಲೆ ಅದು ಕೆಲವು ದಿನ ನಿಂತಂತೆ ತೋರಿ, ಅನಂತರ ಸಿಪ್ಪೆಯಂತೆ ಏಳುತ್ತದೆ. ನಲ್ಲಿ, ಪೈಪುಗಳಿಗೆ ನಾವು ಮೆತ್ತುವ ಎಂ-ಸೀಲ್ ತನ್ನ ಜಾಗದಲ್ಲಿ ಒಳ್ಳೆಯದೇ. ಆದರೆ ಹೊರಗಿನಿಂದ ಮೆತ್ತಿದ್ದನ್ನು ಒಳಗಿನ ನೀರು ಸದಾ ತಳ್ಳುತ್ತಿರುವುದರಿಂದ ಅಕ್ವೇರಿಯಂ ಸಂದಿಗೆ ಅದು ಶಾಶ್ವತ ಪರಿಹಾರವಲ್ಲ.

ಅಕ್ರಿಲಿಕ್ ಸಂದಿನಲ್ಲಿರುವುದು ಅಂಟಲ್ಲ, ಬೆಸುಗೆ. ಡೈಕ್ಲೋರೋಮೀಥೇನಿನಂತಹ ದ್ರಾವಕವು ಎರಡೂ ಹಲಗೆಗಳ ಅಂಚನ್ನು ಕರಗಿಸಿ ಒಂದಾಗಿಸುತ್ತದೆ, ಬಳಿಕ ತಾನು ಆವಿಯಾಗಿ ಹೋಗುತ್ತದೆ. ಅಕ್ರಿಲಿಕ್ ನಾಮಫಲಕಗಳನ್ನು ತಯಾರಿಸುವವರು ದಿನವೂ ಮಾಡುವುದು ಇದೇ ಕೆಲಸ. ಆದ್ದರಿಂದ ಅಕ್ವೇರಿಯಂ ಅಂಗಡಿಯವರು ಕೈಚೆಲ್ಲಿದರೆ ನಾಮಫಲಕದವರನ್ನು ವಿಚಾರಿಸುವುದು ಜಾಣತನ.

ಈ ದ್ರಾವಕ ಎರಡು ಬಗೆ. ನೀರಿನಂತೆ ತೆಳುವಾದದ್ದು ಕೂದಲೆಳೆಯಷ್ಟು ಕಿರಿದಾದ, ಶುದ್ಧವಾದ ಸಂದಿನೊಳಕ್ಕೆ ಸೂಜಿಯ ಮೂಲಕ ಬಿಟ್ಟರೆ ತಾನೇ ಹೀರಿಕೊಂಡು ಹೋಗುತ್ತದೆ. ಜೇನಿನಂತೆ ಮಂದವಾದದ್ದು ತುಸು ಬಾಯಿಬಿಟ್ಟ ಸಂದನ್ನು ತುಂಬುತ್ತದೆ. ಬಹುಕಾಲ ಸೋರಿದ ಸಂದಿನಲ್ಲಿ ಪಾಚಿ, ಸುಣ್ಣ ಸೇರಿರುವುದರಿಂದ ತೆಳು ದ್ರಾವಕ ಅಲ್ಲಿ ಕೆಲಸ ಮಾಡದು. ಅಂಥಲ್ಲಿ ಒಳಮೂಲೆಯನ್ನು ಶುಚಿಮಾಡಿ, ಮಂದ ದ್ರಾವಕದಿಂದ ಮುಮ್ಮೂಲೆಯ ಅಕ್ರಿಲಿಕ್ ಪಟ್ಟಿಯೊಂದನ್ನು ಉದ್ದಕ್ಕೂ ಕೂಡಿಸುವುದು ಹೆಚ್ಚು ಭದ್ರ. ಒಳಗಿನ ನೀರೇ ಆ ಪಟ್ಟಿಯನ್ನು ಮೂಲೆಗೆ ಒತ್ತಿ ಹಿಡಿಯುತ್ತದೆ.

ಕೆಲಸಕ್ಕೆ ಮುನ್ನ ತೊಟ್ಟಿಯನ್ನು ಬರಿದುಮಾಡಿ, ಎರಡು ದಿನ ಒಣಗಿಸಿರಿ. ಬರಿಯ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸಿರಿ. ತಿನ್ನರ್, ಪೆಟ್ರೋಲುಗಳು ಬೇಡ. ಬೆಸೆಯಬೇಕಾದ ಸಂದು ಕೆಳಮುಖವಾಗಿ ಮಟ್ಟಸವಾಗಿರುವಂತೆ ತೊಟ್ಟಿಯನ್ನು ವಾಲಿಸಿ, ಎರಡೂ ಬದಿಗೆ ಟೇಪು ಹಚ್ಚಿದರೆ ದ್ರಾವಕ ಹರಿದು ಕಲೆಯಾಗುವುದಿಲ್ಲ.

ನಮ್ಮ ಕಡೆಯವರು ಕಾಲವನ್ನೂ ನೋಡಬೇಕು. ದ್ರಾವಕ ಆವಿಯಾಗುವಾಗ ಸಂದು ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಅಲ್ಲಿಯೇ ನೆಲೆಗೊಂಡು ಬೆಸುಗೆ ಹಾಲಿನಂತೆ ಬಿಳಿಚಿ ದುರ್ಬಲವಾಗುತ್ತದೆ. ಆಷಾಢ ಶ್ರಾವಣದ ಜಡಿಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕದೆ, ಹೊಳವಾದ ದಿನದ ನಡುಮಧ್ಯಾಹ್ನವನ್ನು ಆರಿಸಿಕೊಳ್ಳಿರಿ.

ಈ ದ್ರಾವಕದ ಆವಿ ತಲೆಸುತ್ತು ತರುವಂಥದು, ಆರೋಗ್ಯಕ್ಕೆ ಹಾನಿಕರ. ಮುಚ್ಚಿದ ಕೋಣೆಯಲ್ಲಿ, ಒಲೆಯ ಬಳಿಯಲ್ಲಿ ಬಳಸಲೇಬಾರದು. ಮಕ್ಕಳು, ಗರ್ಭಿಣಿಯರು ಹತ್ತಿರ ಸುಳಿಯಬಾರದು. ಅಭ್ಯಾಸವಿಲ್ಲದವರು ಬಲ್ಲವರ ಕೈಗೆ ಒಪ್ಪಿಸುವುದರಲ್ಲಿ ಸಂಕೋಚವೇನೂ ಇಲ್ಲ.

ಬೆಸುಗೆ ಕೆಲವೇ ನಿಮಿಷಗಳಲ್ಲಿ ಹಿಡಿದಂತೆ ಕಂಡರೂ ಅವಸರ ಸಲ್ಲದು. ವಾಸನೆ ಪೂರ್ತಿ ಹೋಗುವವರೆಗೆ, ಮಂದ ದ್ರಾವಕವಾದರೆ ಒಂದು ವಾರ ಬಿಡಿರಿ. ಅನಂತರ ಅಂಗಳದಲ್ಲಿಟ್ಟು ಮೊದಲ ದಿನ ಕಾಲು ಭಾಗ, ಎರಡನೆಯ ದಿನ ಅರ್ಧ, ಮೂರನೆಯ ದಿನ ಪೂರ್ತಿ ತುಂಬಿ ಪರೀಕ್ಷಿಸಿರಿ. ಆ ನೀರನ್ನು ಚೆಲ್ಲಿ, ಹೊಸ ನೀರು ತುಂಬಿಯೇ ಮೀನುಗಳನ್ನು ಮರಳಿ ಬಿಡಬೇಕು.

ಗಾಜಿನ ತೊಟ್ಟಿಯಾದರೆ ಒಂದು ಮಾತು ಸಾಕು. ಹಳೆಯ ಸಿಲಿಕೋನಿನ ಮೇಲೆ ಹೊಸದು ಹಿಡಿಯದು. ಒಳಸಂದಿನದನ್ನೆಲ್ಲ ಕೆರೆದು ತೆಗೆದು, ಬೂಸು ನಿರೋಧಕ ಬೆರೆಸದ, ಅಕ್ವೇರಿಯಂಗೆಂದೇ ಮಾರುವ ಸಿಲಿಕೋನನ್ನು ಬಳಸಬೇಕು.

ಕೈಬಿಡಬೇಕಾದಾಗ

ಹಲಗೆಯ ನಡುವೆಯೇ ಸೀಳಿದ್ದರೆ, ಸಂದು ಗೇಣುದ್ದ ಬಾಯಿಬಿಟ್ಟಿದ್ದರೆ, ಮೈಯೆಲ್ಲ ನವಿರು ಬಿರುಕುಗಳಿದ್ದರೆ ರಿಪೇರಿಯ ಆಸೆಯನ್ನು ಬಿಡುವುದೇ ಲೇಸು. ಐವತ್ತು ಕಿಲೋ ನೀರು ರಾತ್ರಿ ಹೊತ್ತು ಒಮ್ಮೆಲೇ ನೆಲಕ್ಕಿಳಿದರೆ ಆಗುವ ನಷ್ಟ ಹೊಸ ತೊಟ್ಟಿಯ ಬೆಲೆಗಿಂತ ಹೆಚ್ಚು. ಅಂಥ ತೊಟ್ಟಿಯಲ್ಲಿ ಮಣ್ಣು ತುಂಬಿ ಗಿಡ ಬೆಳೆಸಬಹುದು.

ಆದರೆ ತೊಟ್ಟಿ ಹೋಯಿತೆಂದು ಮೀನುಗಳನ್ನು ಹುಚ್ಚರಾಯನ ಕೆರೆಗೋ, ಅಂಜನಾಪುರ ಜಲಾಶಯಕ್ಕೋ, ದಂಡಾವತಿ ಹೊಳೆಗೋ ಬಿಟ್ಟು ಬರಬಾರದು. ಅದು ಪುಣ್ಯವೆಂಬ ಭಾವನೆ ಹಲವರಲ್ಲಿದೆ. ತೊಟ್ಟಿಯ ಪಾಚಿ ತಿನ್ನಲೆಂದು ತರುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಹೀಗೆ ಬಿಟ್ಟವೇ ಕೇರಳ, ತಮಿಳುನಾಡು, ತೆಲಂಗಾಣ, ಆಂಧ್ರಗಳ ನೀರಿನಲ್ಲಿ ನೆಲೆಯೂರಿ, ಒರಟು ಮುಳ್ಳುಗಳಿಂದ ಮೀನುಗಾರರ ಬಲೆಗಳನ್ನು ಹರಿಯುತ್ತಿವೆ, ಊರಿನ ಮೀನುಗಳ ಆಹಾರಕ್ಕೆ ಪಾಲುದಾರರಾಗಿವೆ. ಒಂದು ಜೀವಕ್ಕೆ ತೋರಿದ ದಯೆ ನೂರು ಜೀವಗಳಿಗೆ ಉಪದ್ರವವಾಗಬಾರದು. ಮೀನುಗಳನ್ನು ಅಂಗಡಿಗೆ ಮರಳಿ ಕೊಡಿ, ಇಲ್ಲವೆ ಸಾಕುವ ಇನ್ನೊಂದು ಮನೆಗೆ ಒಪ್ಪಿಸಿರಿ.

ಹಿರಿಯರು ಕಟ್ಟಿದ ಕೆರೆಗಳು ಉಳಿದದ್ದು ಏರಿಯ ಮೇಲೆ ವರ್ಷವರ್ಷವೂ ಕಣ್ಣಿಟ್ಟವರಿಂದ. ಮನೆಯ ತೊಟ್ಟಿಗೂ ವಾರಕ್ಕೊಮ್ಮೆ ಸಂದುಗಳ ಮೇಲೆ ಬೆರಳಾಡಿಸಿ ನೋಡುವ ಅಭ್ಯಾಸವಿರಲಿ. ಹನಿಯಾಗಿರುವಾಗಲೇ ಕಂಡ ಸೋರಿಕೆಯನ್ನು ಸರಿಪಡಿಸುವುದು ಸುಲಭ.