ಗಂಟುಮೋರೆಗೆ ಹೆಸರಿಡುವ ಮುನ್ನ

ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ನಾನು ಹಳಗನ್ನಡ ಕಾವ್ಯದ ಯಾವುದೋ ಪ್ರಸಂಗವನ್ನು ಆಯ್ದುಕೊಂಡೇನೆಂದು ಅವರು ಎಣಿಸಿರಬಹುದು. ಆದರೆ ನಾನು ಬರೆಯಹೊರಟಿರುವುದು ಇಂಗ್ಲಿಷ್ ಭಾಷೆಯ ಕೆಲವು ಗುಣವಾಚಕಗಳನ್ನು ಕುರಿತು. ಅದರಲ್ಲಿಯೂ ಕಳೆಗುಂದಿದ ಮುಖ, ಬಿಗಿದ ಹುಬ್ಬು, ಗಡಸು ನಡೆ ಇವುಗಳನ್ನು ಹೆಸರಿಸುವ ಪದಗಳನ್ನು ಕುರಿತು. ಕನ್ನಡ ಪಂಡಿತನಿಗೆ ಈ ಅಧಿಕಪ್ರಸಂಗವೇಕೆಂದು ಕೇಳುವವರಿಗೆ ಕಾರಣವನ್ನು ಮೊದಲೇ ಅರಿಕೆ ಮಾಡುತ್ತೇನೆ.

ಅನೇಕ ವರ್ಷಗಳ ಹಿಂದೆ ನಾನು ಬೇರೊಂದು ಊರಿನ ಶಾಲೆಯಲ್ಲಿ ವರ್ಗಶಿಕ್ಷಕನಾಗಿದ್ದೆ. ಎಂಟನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ಕೇಳಿದ್ದಕ್ಕೆ ಉತ್ತರವಿಲ್ಲ, ಆಟಕ್ಕೆ ಕರೆದರೆ ಬರುವುದಿಲ್ಲ, ಸದಾ ಗಂಟುಮೋರೆ. ಪ್ರಗತಿಪತ್ರದಲ್ಲಿ ವರ್ತನೆಯ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯುವುದು ಅಲ್ಲಿಯ ರೂಢಿ. ನಾನು ಮಿತ್ರರೊಬ್ಬರನ್ನು ಕೇಳಿ 'ಸಲನ್' ಎಂಬ ಪದವನ್ನು ಬರೆದೆ. ವಾರದ ತರುವಾಯ ಹುಡುಗನ ತಂದೆ ಆ ಪತ್ರವನ್ನು ಹಿಡಿದುಕೊಂಡು ಬಂದರು. ಹತ್ತಿಯ ಹೊಲದಲ್ಲಿ ಕೂಲಿ ಮಾಡುವವರು. "ಗುರುಗಳ, ಹುಡುಗಗ ಏನರ ರೋಗ ಐತಂತ ಬರದೀರೇನ್ರಿ? ಅವರವ್ವ ತೀರಿಕೊಂಡಾಗಿಂದ ಹಿಂಗ ಅದಾನ್ರಿ" ಎಂದರು. ನನಗೆ ಮಾತು ಹೊರಡಲಿಲ್ಲ.

ಆ ರಾತ್ರಿ ಆ ಪದದ ಮೂಲವನ್ನು ಹುಡುಕಿದೆ. ಲ್ಯಾಟಿನ್ ಭಾಷೆಯಲ್ಲಿ 'ಒಂಟಿ' ಎಂಬ ಅರ್ಥವುಳ್ಳ ಪದದಿಂದ ಅದು ಬಂದಿದೆಯೆಂದು ತಿಳಿದಾಗ ನನಗಾದ ನಾಚಿಕೆ ಇಂದಿಗೂ ಮರೆತಿಲ್ಲ. ಶಬ್ದಕ್ಕೆ ತಿಳಿದಿದ್ದ ಸಂಗತಿ ಶಿಕ್ಷಕನಿಗೆ ತಿಳಿದಿರಲಿಲ್ಲ. ಹುಡುಗನು ಒಂಟಿಯಾಗಿದ್ದನು, ನಾನು ಅವನನ್ನು ಮೊಂಡನೆಂದು ಬಗೆದಿದ್ದೆನು.

ಅಂದಿನಿಂದ ಇಂತಹ ಪದಗಳನ್ನು ಕಂಡಲ್ಲಿ ನಿಂತು ವಿಚಾರಿಸುವ ಅಭ್ಯಾಸವಾಯಿತು. 'ಸ್ಯಾಟರ್ನೈನ್' ಎಂದರೆ ಶನಿಗ್ರಹದ ಪ್ರಭಾವಕ್ಕೆ ಸಿಕ್ಕಿ ಮಂಕಾದವನು; ಶನಿಯ ಮಾತಿನಲ್ಲಿ ಅವರೂ ನಾವೂ ಒಂದೇ! 'ಡಿಸ್ಮಲ್' ಎಂದರೆ ಮೂಲತಃ ಕೆಟ್ಟ ದಿನಗಳು. ಯುರೋಪಿನ ಹಳೆಯ ಪಂಚಾಂಗಗಳಲ್ಲಿ ತಿಂಗಳಿಗೆ ಎರಡರಂತೆ ವರ್ಷಕ್ಕೆ 24 ದಿನಗಳನ್ನು ಅಶುಭವೆಂದು ಎಣಿಸುತ್ತಿದ್ದರು. 'ಆಸ್ಟಿಯರ್' ಎಂಬುದು ಗ್ರೀಕರಲ್ಲಿ ನಾಲಗೆಯನ್ನು ಒಣಗಿಸುವ ರುಚಿಯ ಹೆಸರು. ನಮ್ಮ ಅಳಲೆಕಾಯಿಯ ಒಗರನ್ನು ನೆನೆದರೆ ಸಾಕು. ಒಗರಾದರೂ ಅದು ಹಿತಕಾರಿ. ಆದ್ದರಿಂದಲೇ ಸರಳವಾದ ಕಠಿಣ ಜೀವನಕ್ಕೂ ಆ ಪದ ಸಲ್ಲುತ್ತದೆ. ಇನ್ನು 'ಸರ್ಲಿ' ಎಂಬುದು 'ಸರ್' ಎಂಬುದರಿಂದಲೇ ಹುಟ್ಟಿದ್ದು. ದೊರೆಯಂತೆ ಬೀಗುವುದು ಮೊದಲ ಅರ್ಥ, ಸಿಡುಕುವುದು ಆಮೇಲಿನದು.

ಆ ದೊರೆತನದ ಮೋರೆ ನಮ್ಮ ಸಂಪಗಾಂವ ಸೀಮೆಗೆ ಹೊಸದಲ್ಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಒಪ್ಪದೆ ಕೋಟೆಯ ಬಾಗಿಲಿಗೆ ಬಂದ ಕಂಪನಿಯ ಅಧಿಕಾರಿಗಳಲ್ಲಿ ನಮ್ಮ ಹಿರಿಯರು ಅದನ್ನು ಕಂಡಿದ್ದರು. ವಿಚಿತ್ರವೆಂದರೆ, ಅದೇ 1824ರಲ್ಲಿ ಮದ್ರಾಸಿನಲ್ಲಿ ರೆವರೆಂಡ್ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು ಅಚ್ಚಾಯಿತು. 1894ರಲ್ಲಿ ಮಂಗಳೂರಿನಿಂದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಒಂದು ಕೈಯಲ್ಲಿ ಖಡ್ಗ ಹಿಡಿದು ಬಂದ ಭಾಷೆಯೇ ಇನ್ನೊಂದು ಕೈಯಲ್ಲಿ ನಮ್ಮ ಮಾತಿನ ಅರ್ಥವನ್ನು ಕೇಳುತ್ತಲೂ ಇತ್ತು. ಆ ಪಾದ್ರಿಗಳು ನಮ್ಮ ಒಂದೊಂದು ಪದಕ್ಕೂ ಪಟ್ಟ ಶ್ರಮದಲ್ಲಿ ಕಾಲಂಶವನ್ನಾದರೂ ನಾವು ಅವರ ಪದಗಳಿಗೆ ಪಡುತ್ತಿದ್ದೇವೆಯೆ?

ಇಲ್ಲವೆಂದೇ ಹೇಳಬೇಕು. ನಾನು ಕಂಡ ವಿದ್ಯಾರ್ಥಿಗಳ ನೋಟುಪುಸ್ತಕಗಳಲ್ಲಿ ಮೇಲಿನ ಪದಗಳಿಗೆಲ್ಲ ಎರಡೇ ಅರ್ಥ: 'ಕಠೋರ', ಇಲ್ಲವೆ 'ದುಃಖಿತ'. ಈಗ ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ದೊರೆಯುವ ಅರ್ಥವೂ ಬಹಳಮಟ್ಟಿಗೆ ಇದೇ ಬಗೆಯದು. ಇದರಿಂದ ಇಂಗ್ಲಿಷ್ ಬರುವುದಿಲ್ಲ, ಕನ್ನಡವೂ ಸೊರಗುತ್ತದೆ. ನಮ್ಮಲ್ಲಿ ಪದಗಳಿಗೇನು ಕೊರತೆ? ಮುನಿಸು, ಸೆಡವು, ಸಿಡುಕು, ದುಮ್ಮಾನ, ಬಿಗುಮಾನ ಎಂಬಿವು ಒಂದೊಂದೂ ಬೇರೆ. ಸಂಸ್ಕೃತದಿಂದ ಬಂದ ಪರುಷ, ರೂಕ್ಷ, ಖಿನ್ನ, ವಿಷಣ್ಣಗಳೂ ಬೇರೆ ಬೇರೆ. ನ್ಯಾಯಕ್ಕಾಗಿ ನಿಷ್ಠುರನಾಗುವುದು ಗುಣ. ದುರ್ಬಲನ ಮೇಲೆ ಕಠೋರನಾಗುವುದು ದೋಷ.

ಇನ್ನೊಂದು ಮುಖ್ಯ ಭೇದವುಂಟು. ನಮ್ಮ ಹಳ್ಳಿಗಳಲ್ಲಿ "ಮಾರಿ ಸಣ್ಣ ಮಾಡ್ಯಾನ", "ಮಾರಿ ಗಂಟ ಹಾಕ್ಯಾನ" ಎನ್ನುತ್ತಾರೆ. ಅದು ಕ್ರಿಯಾಪದ. ಹಾಕಿದ ಗಂಟನ್ನು ಬಿಚ್ಚಬಹುದು ಎಂಬ ಭರವಸೆ ಆ ಮಾತಿನಲ್ಲೇ ಇದೆ. ಪ್ರಗತಿಪತ್ರದ ಗುಣವಾಚಕವಾದರೋ ಮನುಷ್ಯನಿಗೇ ಅಂಟಿಕೊಳ್ಳುತ್ತದೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ಸ್ಥಾಯಿಭಾವಗಳನ್ನೂ ಮೂವತ್ತಮೂರು ಸಂಚಾರಿಭಾವಗಳನ್ನೂ ಹೇಳಿದ್ದಾನೆ. ವಿಷಾದ, ದೈನ್ಯ, ಗ್ಲಾನಿ, ಉಗ್ರತೆ ಇವೆಲ್ಲ ಸಂಚಾರಿಗಳೇ, ಬಂದು ಹೋಗುವಂಥವು. ಬಾಲಕನ ಸಂಚಾರಿಯನ್ನು ಸ್ಥಾಯಿಯೆಂದು ದಾಖಲಿಸುವುದು ರಸಜ್ಞಾನವೂ ಅಲ್ಲ, ಶಿಕ್ಷಕಧರ್ಮವೂ ಅಲ್ಲ.

ಹಾಗಾದರೆ ಮಕ್ಕಳ ದೋಷಗಳನ್ನು ಹೇಳಬಾರದೆ, ಶಿಸ್ತು ಬೇಡವೆ ಎಂದು ಹಿರಿಯರು ಆಕ್ಷೇಪಿಸಬಹುದು. ಶಿಸ್ತು ಬೇಕು. ನಾನೂ ಗಡಸು ಗುರುಗಳ ಕೈಯಲ್ಲೇ ಅಮರಕೋಶ ಕಲಿತವನು. ಆದರೆ ಅವರ ಗಡಸುತನಕ್ಕೆ ಕಾರಣವಿರುತ್ತಿತ್ತು, ಅವಧಿಯೂ ಇರುತ್ತಿತ್ತು. ಪಾಠ ಒಪ್ಪಿಸಿದೊಡನೆ ಮುಖ ಅರಳುತ್ತಿತ್ತು. ಇಂಗ್ಲಿಷಿನಲ್ಲಿ ಇದಕ್ಕೆ 'ಸ್ಟರ್ನ್' ಎಂದರೆ ಸಲ್ಲುತ್ತದೆ. ಸಿಡುಕಿನ 'ಸರ್ಲಿ' ಸಲ್ಲದು. ಈ ಅಂತರವನ್ನು ಅರಿಯದವನು ಎರಡು ಭಾಷೆಗಳಲ್ಲಿಯೂ ಅರೆಕಲಿತವನೇ ಸರಿ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಎರಡು. ಇಂತಹ ಪದವನ್ನು ಕಲಿಸುವಾಗ, ಈ ಮುಖ ಯಾರದು, ಕಾರಣವೇನು, ಎಷ್ಟು ಹೊತ್ತಿನದು ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳಿಂದಲೇ ಕೇಳಿಸಿ, ಅದಕ್ಕೆ ಹೊಂದುವ ಕನ್ನಡದ ಮಾತನ್ನು ಅವರ ಮನೆಯ ಮಾತಿನಿಂದಲೇ ತೆಗೆಸಬೇಕು. ಪ್ರಗತಿಪತ್ರದಲ್ಲಿ ಒಂಟಿ ಗುಣವಾಚಕವನ್ನು ಬಿಟ್ಟು, ತಂದೆತಾಯಿಗಳಿಗೆ ತಿಳಿಯುವ ಒಂದು ಪೂರ್ಣ ಕನ್ನಡ ವಾಕ್ಯವನ್ನು ಬರೆಯಬೇಕು. ಇನ್ನು ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಗ್ರಂಥಾಲಯಕ್ಕೆ ಪದಮೂಲಗಳನ್ನು ತಿಳಿಸುವ ಒಳ್ಳೆಯ ನಿಘಂಟುಗಳನ್ನು ಒದಗಿಸಿದರೆ ಅದು ಕಟ್ಟಡದ ದಾನಕ್ಕೆ ಕಡಿಮೆಯಾಗಲಾರದು.

ಆ ತಂದೆಗೆ ಅಂದು ನಾನು ಪದದ ಅರ್ಥವನ್ನು ಹೇಳಲಿಲ್ಲ. ಪತ್ರವನ್ನು ಕೇಳಿ ತೆಗೆದುಕೊಂಡು, ಬರೆದದ್ದನ್ನು ಹೊಡೆದುಹಾಕಿ, ಕೆಳಗೆ ಕನ್ನಡದಲ್ಲಿ "ಇವನೊಡನೆ ನಾವು ಹೆಚ್ಚು ಮಾತನಾಡಬೇಕು" ಎಂದು ಬರೆದು ಸಹಿ ಮಾಡಿದೆ. ಸುಜ್ಞಾನಿಗಳಾದ ವಾಚಕರು ಈ ಮಾತುಗಳಲ್ಲಿ ತಪ್ಪಿದ್ದರೆ ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.